ಲದ್ದಿ ಮುಟ್ಟಿ ನೋಡುತ್ತಿದ್ದ ರೈಟರು

ನಮ್ಮ ಕಾಫಿ ಎಸ್ಟೇಟಿನ ರೈಟರು ಆನೆಯ ಲದ್ದಿಯ ಪಕ್ಕ ಕುಕ್ಕರಗಾಲಿನಲ್ಲಿ ಕೂತು, ಮಗುವಿನ ಹಣೆ ಮುಟ್ಟಿ ಜ್ವರ ನೋಡುವವರ ಹಾಗೆ, ಬಲಗೈಯ ಹಿಂಬದಿಯನ್ನು ಅದಕ್ಕೆ ತಾಗಿಸಿ ಸ್ವಲ್ಪ ಹೊತ್ತು ಸುಮ್ಮನಿರುತ್ತಿದ್ದರು. ಆ ಸೋಮವಾರವೂ ಹಾಗೇ ಕೂತಿದ್ದರು. ಹಿಂದೆ ನಾವು ಹದಿನಾಲ್ಕು ಜನ ಕೊಯ್ಲಿನ ಚೀಲ ಸೊಂಟಕ್ಕೆ ಕಟ್ಟಿಕೊಂಡು ನಿಂತಿದ್ದೆವು. ಕೈ ತಾಗಿಸಿ ಬಗ್ಗಿದ ಮೇಲೆ ನಮಗೆ ಅವರ ಬೆನ್ನು ಮಾತ್ರ ಕಾಣುತ್ತಿತ್ತು. ಎದ್ದು, ಸಿಲ್ವರ್ ಮರದ ಎಲೆಗೆ ಕೈ ಒರೆಸಿಕೊಂಡು, "ತಣ್ಣಗೈತೆ. ನಡೀರಿ" ಎಂದರು.

"ರೈಟ್ರೇ, ಆ ಕೈಲಿ ನಂಗೆ ಹಾಜರಿ ಹಾಕ್ಬೇಡಿ" ಎಂದರು ನಮ್ಮ ಮನೆಯವರು.

"ನೀನು ಮಾಡೋ ಕೆಲಸಕ್ಕೆ ಈ ಕೈಯೇ ಸರಿ ಕಣೋ."

ಎಲ್ಲರೂ ನಕ್ಕೆವು. ಸಂಜೆ ಹಣ್ಣು ಅಳೆದು, ಮನೆಗೆ ಬಂದು, ಸೊಪ್ಪಿನ ಸಾರು ಮಾಡಿದೆ. ಅದು ನನ್ನ ಕೊನೆಯ ಮಾಮೂಲಿ ದಿನ.

ವನಗೂರಿನ ಮೇಲಿನ ಆ ಎಸ್ಟೇಟಿನಲ್ಲಿ ಅವರು ಹತ್ತೊಂಬತ್ತು ವರ್ಷ ರೈಟರಾಗಿದ್ದರು. ಹಾಜರಿ ಕರೆಯುವುದು, ಯಾರು ತೋಟದ ಯಾವ ಬ್ಲಾಕಿಗೆ ಎಂದು ಹಂಚುವುದು ಅವರ ಕೆಲಸ. ನಾನು ಹೆಣ್ಣಾಳುಗಳ ಮೇಸ್ತ್ರಿ. ಆನೆಗಳು ಕಾಫಿಯೊಳಗೇ ಉಳಿಯಲು ಶುರುವಾದ ಮೇಲೆ, ಬೆಳಗ್ಗೆ ಎಲ್ಲರಿಗಿಂತ ಮುಂದೆ ನಡೆದು ದಾರಿ ನೋಡುವುದೂ ರೈಟರ ಕೆಲಸವಾಯಿತು. ಲದ್ದಿ ಬಿಸಿಯಿದ್ದರೆ ಆನೆ ಹತ್ತಿರದಲ್ಲೇ ಇದೆ, ತಣ್ಣಗಿದ್ದರೆ ದೂರ ಹೋಗಿದೆ ಎಂದು ಲೆಕ್ಕ. ಅದನ್ನು ಯಾರೂ ಅವರಿಗೆ ಒಪ್ಪಿಸಿರಲಿಲ್ಲ.

ಪಿಯುಸಿಯಲ್ಲಿ ತರ್ಕಶಾಸ್ತ್ರ, ಮನಃಶಾಸ್ತ್ರ ಓದಿದ್ದವರು. ಮುಂದೆ ಓದಲು ಆಗಲಿಲ್ಲ. ಆಫೀಸಿನ ಕಿಟಕಿಯಲ್ಲಿ ರಟ್ಟು ಕಿತ್ತುಹೋದ ನಾಲ್ಕೈದು ಪುಸ್ತಕ ಇಟ್ಟುಕೊಂಡಿದ್ದರು. ತತ್ವದವು ಕೆಲವು, ಮನಸ್ಸಿನ ವಿಚಾರದವು ಕೆಲವು. ನಾನು ಏನಿದೆ ಅದರಲ್ಲಿ ಎಂದು ಕೇಳಿದಾಗ, "ಏನೇ ಇರ್ಲಿ, ಬೆಳಗ್ಗೆ ಹಾಜರಿ ಹೊತ್ತಿಗೆ ಉಪಯೋಗಕ್ಕೆ ಬರ್ಬೇಕು ಕಣಮ್ಮ. ಬರ್ಲಿಲ್ಲ ಅಂದ್ರೆ ಬರೀ ಕಾಗದ" ಎಂದಿದ್ದರು.

ಸಿಟ್ಟು ಬಂದರೆ ಉತ್ತರ ಕೊಡುವ ಮೊದಲು ಕಾಫಿ ಒಣಗಿಸುವ ಕಣವನ್ನು ಒಂದು ಸುತ್ತು ಹಾಕುತ್ತಿದ್ದರು. "ಧಣಿಗೂ ರೈಟ್ರಿಗೂ ಏನೋ ಆಗೈತೆ, ಮೂರನೇ ಸುತ್ತು" ಎಂದು ಹೆಂಗಸರು ಎಣಿಸಿ ನಗುತ್ತಿದ್ದರು. ಒಂದು ಸಲ ನಮ್ಮಲ್ಲೊಬ್ಬಳು, ಹಿಂದಿನ ವರ್ಷ ಆನೆ ಅಟ್ಟಿಸಿಕೊಂಡು ಬಂದಿದ್ದ ಜಾಗದಲ್ಲಿ ಮುಂದೆ ಬರಲಾರೆ ಎಂದು ಕೂತುಬಿಟ್ಟಳು. ರೈಟರು ಅವಳ ಎದುರು ಕೂತರು. "ಆನೆ ಈಗ ಐತಾ ಇಲ್ಲಿ?" "ಇಲ್ಲ." "ಹಂಗಾದ್ರೆ ಈ ಹೆದರಿಕೆ ತಣ್ಣಗಿನದು ಕಣವ್ವ, ಹೋದ ವರ್ಷದ್ದು. ಬಿಸಿ ಇರೋದಕ್ಕೆ ಓಡ್ಬೇಕು. ತಣ್ಣಗಿನದನ್ನ ದಾಟ್ಕೊಂಡು ಹೋಗ್ಬೇಕು." ಅವಳು ಎದ್ದು ನಡೆದಳು. ಆಮೇಲೆ ಅದು ನಮ್ಮಲ್ಲಿ ಮಾತೇ ಆಗಿಹೋಯಿತು. ಗಂಡ ಹೆಂಡತಿ ಜಗಳವಾದರೂ "ಬಿಸಿಯಾ, ತಣ್ಣಗಾ?" ಎಂದು ಕೇಳಿಕೊಳ್ಳುತ್ತಿದ್ದೆವು.

ಮಂಗಳವಾರ ರೈಟರಿಗೆ ಜ್ವರ. ಆಫೀಸಿನ ಬಾಗಿಲಲ್ಲಿ ಕಂಬಳಿ ಹೊದ್ದು ನಿಂತು, "ಇವತ್ತು ನೀನು ನೋಡ್ಕೊಂಡು ಹೋಗಮ್ಮ, ದಿನಾ ನೋಡಿದ್ಯಲ್ಲ" ಎಂದರು. ಆನೆ ಹಿಂಡು ಬಿಸಿಲೆ ಕಾಡಿನ ಕಡೆ ದಾಟಿದೆ ಎಂದು ಅರಣ್ಯ ಇಲಾಖೆಯಿಂದ ಬೆಳಗ್ಗೆಯೇ ಮೊಬೈಲಿಗೆ ಬಂದಿತ್ತು. ಅದು ಸುಳ್ಳಾಗಿರಲಿಲ್ಲ. ಹಿಂಡು ಹೋಗಿತ್ತು. ಒಂಟಿ ಸಲಗ ಉಳಿದಿತ್ತು.

ಕೊಯ್ಲಿನ ಹೊತ್ತಲ್ಲಿ ಬರಬಾರದ ಸೋನೆ ಹಿಡಿದಿತ್ತು. ಕೆರೆ ಬ್ಲಾಕಿನ ತಿರುವಿನಲ್ಲಿ ಲದ್ದಿ ಬಿದ್ದಿತ್ತು. ಎಲ್ಲರೂ ನಿಂತರು. ನಾನು ಅವರ ಹಾಗೆಯೇ ಕೂತು, ಕೈಯ ಹಿಂಬದಿ ತಾಗಿಸಿದೆ. ಮಳೆನೀರಿನಷ್ಟು ತಣ್ಣಗಿತ್ತು. ಎರಡನೇ ಸಲ ಮುಟ್ಟಿದೆ. ತಣ್ಣಗೇ ಇತ್ತು. ಎದ್ದು, ಎಲೆಗೆ ಕೈ ಒರೆಸಿ, "ತಣ್ಣಗೈತೆ. ನಡೀರಿ" ಎಂದೆ.

"ನೋಡ್ರಪ್ಪ, ಹೊಸ ರೈಟ್ರಮ್ಮ" ಎಂದು ನಮ್ಮ ಮನೆಯವರು ಎಲ್ಲರನ್ನೂ ನಗಿಸಿದರು. ಹಣ್ಣು ಸುರಿಯುವ ಟಾರ್ಪಾಲು ಹೆಗಲಿಗೇರಿಸಿಕೊಂಡು ಮುಂದೆ ಹೋದರು. ತಿರುವಿನಾಚೆ ಕಾಣದಾದರು.

ಆನೆ ಬಂದ ಸದ್ದು ಯಾರಿಗೂ ಕೇಳಲಿಲ್ಲ. ಟಾರ್ಪಾಲು ನೆಲಕ್ಕೆ ಬಿದ್ದ ಸದ್ದು ಕೇಳಿಸಿತು. ನಾನು ಅವರನ್ನು ಹೆಸರು ಹಿಡಿದು ಕೂಗಿದೆ. ಮದುವೆಯಾದ ಮೇಲೆ ಹೆಸರು ಹಿಡಿದದ್ದು ಅದೊಂದೇ ಸಲ.

ಮಧ್ಯಾಹ್ನ, ದೇಹ ಸಾಗಿಸಿದ ಮೇಲೆ, ಅರಣ್ಯ ಇಲಾಖೆಯಿಂದ ಬಂದವರಲ್ಲಿ ಒಬ್ಬರು ಆ ಲದ್ದಿಯನ್ನು ಬೂಟುಗಾಲಿನಿಂದ ಒಡೆದರು. ಮೇಲಿನ ಪದರ ಮಾತ್ರ ಮಳೆಗೆ ತಣ್ಣಗಾಗಿತ್ತು. ಅಷ್ಟು ಹೊತ್ತಾದ ಮೇಲೂ ಒಳಗಿಂದ ಸಣ್ಣಗೆ ಆವಿ ಎದ್ದಿತು. ಪಕ್ಕದಲ್ಲಿ ನಿಂತು ನಾನು ಅದನ್ನು ನೋಡಿದೆ.

ಕಾರ್ಯ ಮುಗಿದು ಜನ ಕರಗಿದರು. ಬಂದವರೆಲ್ಲ ಹಣೆಬರಹ ಎಂದರು, ನಿನ್ನ ತಪ್ಪೇನೂ ಇಲ್ಲ ಎಂದರು. ಅಜ್ಜಿ ಮನೆಯಲ್ಲಿ ಓದುತ್ತಿದ್ದ ಮಗಳ ಮುಖ ನೋಡು ಎಂದರು. ನನಗೆ ಆವಿ ಮಾತ್ರ ಕಾಣುತ್ತಿತ್ತು. ಅನ್ನದ ತಟ್ಟೆಯಿಂದ ಏಳುವ ಆವಿ ನೋಡಿದರೂ ತಟ್ಟೆ ದೂಡುತ್ತಿದ್ದೆ.

ರೈಟರು ಒಂದು ಸಂಜೆ ಬಂದು ಆಳುಗಳ ಲೈನ್ ಮನೆಯ ನಮ್ಮ ಜಗಲಿಯ ಮೇಲೆ ಕೂತರು. ಆಮೇಲೆ ಕೇಳಿದರು: "ಸಾಯೋ ಯೋಚನೆ ಬರ್ತೈತಾ?"

ಹಾಗೆ ನೇರವಾಗಿ ಯಾರೂ ಕೇಳಿರಲಿಲ್ಲ. "ಬರ್ತೈತೆ" ಎಂದೆ.

"ಸ್ಟೋರಿನ ಬೀಗದಕೈ ಕೊಡು."

ಗಿಡಕ್ಕೆ ಹೊಡೆಯುವ ಔಷಧಿಗಳಿರುವ ಆ ಸ್ಟೋರಿನ ಬೀಗದಕೈ ನನ್ನ ಸೆರಗಿನ ತುದಿಯಲ್ಲೇ ಇತ್ತು. ಬಿಚ್ಚಿ ಕೊಟ್ಟೆ. ಜೇಬಿಗೆ ಹಾಕಿಕೊಂಡರು. "ತಪ್ಪು ನಿಂದಲ್ಲ ಅಂತ ನಾನು ಹೇಳಲ್ಲ. ನೀನು ನಂಬಲ್ಲ. ಎಷ್ಟು ನಿಂದು ಅಂತ ಒಡೆದು ನೋಡಣ. ಮಳೆ ಯಾರದು?"

"ಯಾರದೂ ಅಲ್ಲ."

"ಸಲಗ ಉಳ್ಕೊಂಡಿದ್ದು?"

"ಯಾರದೂ ಅಲ್ಲ."

"ಮೇಲಷ್ಟೇ ಮುಟ್ಟಿದ್ದು?"

"ನಂದು."

"ಒಡೆದು ಒಳಗೆ ಬೆರಳು ಹಾಕಿ ನೋಡ್ಬೇಕು ಅಂತ ನಿಂಗೆ ಯಾರು ಹೇಳ್ಕೊಟ್ಟಿದ್ರು?"

ನಾನು ಅವರ ಮುಖ ನೋಡಿದೆ.

"ನಾನು ದಿನಾ ಒಡೆದೇ ನೋಡ್ತಿದ್ದೆ ಕಣಮ್ಮ. ಆವಿ ನೋಡಿ ನೀವು ಹೆದರ್ಬಾರ್ದು ಅಂತ ಬೆನ್ನು ತಿರುಗ್ಸಿ ಕೂರ್ತಿದ್ದೆ. ಬಿಸಿ ಇದ್ದ ದಿನ ಏನೋ ನೆಪ ಹೇಳಿ ಬೇರೆ ಬ್ಲಾಕಿಗೆ ಕರ್ಕೊಂಡು ಹೋಗ್ತಿದ್ದೆ. ಜನರ ಮನಸ್ಸು ನಂಗೆ ಗೊತ್ತು ಅನ್ನೋ ಜಂಬ. ಅದು ನಂದು."

"ಒಂದು ಮಾತು ಹೇಳಿದ್ರೆ ನಮ್ಮವರು ಇರ್ತಿದ್ರು" ಎಂದೆ.

"ಇರ್ತಿದ್ದ" ಎಂದರು.

ಒಂದು ತಿಂಗಳು ನಾನು ಅವರೊಂದಿಗೆ ಮಾತಾಡಲಿಲ್ಲ. ಎದುರು ಬಂದರೆ ಬಾಗಿಲು ಹಾಕಿಕೊಂಡೆ. ಅವರು ದಿನಾ ಸಂಜೆ ಬಂದು ಜಗಲಿಯ ಮೇಲೆ ಅರ್ಧ ಗಂಟೆ ಕೂತು ಹೋಗುತ್ತಿದ್ದರು. ಒಳಗಿಂದ ನನಗೆ ಅವರ ಕೆಮ್ಮು ಕೇಳುತ್ತಿತ್ತು. ಒಂದು ದಿನ ಹೊರಗಿನಿಂದಲೇ, "ನನ್ನ ಮೇಲೆ ಸಿಟ್ಟಿರ್ಲಿ. ಆದ್ರೆ ಹಾಸನದಲ್ಲಿ ಒಬ್ರು ಡಾಕ್ಟ್ರು ಅವ್ರೆ, ಮನಸ್ಸಿನ ಡಾಕ್ಟ್ರು. ನಾನು ಓದಿರೋದು ಇಲ್ಲಿಗೆ ಸಾಲಲ್ಲ" ಎಂದರು. ಮರುದಿನ ಬಾಗಿಲು ತೆಗೆದೆ. ಬಸ್ಸಿನಲ್ಲಿ ನನ್ನ ಹಿಂದಿನ ಸೀಟಿನಲ್ಲಿ ಕೂತು ಬಂದರು. ಬಾಳ್ಳುಪೇಟೆಯಲ್ಲಿ ಬಸ್ಸು ನಿಂತಾಗ ಟೀ ತಂದು ಕೊಟ್ಟರು. ಲೋಟದ ಮೇಲೆ ಆವಿ ಇತ್ತು. ಅವರಿಗೆ ಅದು ಹೊಳೆದಿರಬೇಕು, ಲೋಟದಿಂದ ಲೋಟಕ್ಕೆ ಸುರಿದು ಆರಿಸಿ ಮತ್ತೆ ಕೈಗಿಟ್ಟರು. ಕುಡಿದೆ.

ನಾನು ಕೆಲಸಕ್ಕೆ ಮರಳಿದ ದಿನ ಅವರು ನಮ್ಮೆಲ್ಲರನ್ನೂ ಸುತ್ತ ನಿಲ್ಲಿಸಿಕೊಂಡು, ನಮ್ಮ ಕಡೆ ಮುಖ ಮಾಡಿ ಕೂತು, ಒಂದು ಲದ್ದಿಯನ್ನು ಕೋಲಿನಿಂದ ಒಡೆದರು. ಒಬ್ಬೊಬ್ಬರ ಕೈಯಿಂದಲೂ ಒಳಗೆ ಮುಟ್ಟಿಸಿದರು. ಆಮೇಲೆ ನನ್ನನ್ನೇ ಮುಂದೆ ಬಿಟ್ಟರು. ಕೆರೆ ಬ್ಲಾಕಿನ ತಿರುವಿನಲ್ಲಿ ನನ್ನ ಕಾಲು ನಿಂತುಹೋಯಿತು. ಹಿಂದಿನಿಂದ ಯಾರೂ ದೂಡಲಿಲ್ಲ, ಕರೆಯಲೂ ಇಲ್ಲ. ಕೊನೆಗೆ ನಾನೇ ದಾಟಿದೆ. ಅಂದಿನಿಂದ ದಾರಿ ನೋಡುವ ಕೆಲಸ ನನ್ನದು. ನಾನು "ತಣ್ಣಗೈತೆ" ಎಂದರೆ, ಮೂರು ಹೆಜ್ಜೆ ಹಿಂದಿನಿಂದ ಅವರು ಕೇಳುತ್ತಿದ್ದರು: "ಒಡೆದು ನೋಡಿದ್ಯಾ?" ಎರಡು ವರ್ಷ, ಒಂದು ದಿನವೂ ತಪ್ಪದೆ. ಬೀಗದಕೈ ಯಾವಾಗ ವಾಪಸು ಕೊಟ್ಟರೋ ನೆನಪಿಲ್ಲ. ಒಂದು ದಿನ ಅದು ನನ್ನ ಸೆರಗಿನಲ್ಲಿತ್ತು.

ಈ ವರ್ಷ ಕೊಯ್ಲಿಗೆ ಮುಂಚೆ ಅವರ ಎದೆಯ ಕಾಯಿಲೆ ಜೋರಾಯಿತು. ಆಲೂರಿನ ಮನೆಗೆ ನೋಡಲು ಹೋದೆ. ಮಂಚದಲ್ಲಿ ದಿಂಬಿಗೆ ಒರಗಿ ಕೂತಿದ್ದರು. ಕಿಟಕಿಯಲ್ಲಿ ಅದೇ ಪುಸ್ತಕಗಳಿದ್ದವು.

"ಈಗ ನಂಗೂ ಹೆದರಿಕೆ ಆಗ್ತೈತೆ ಕಣಮ್ಮ" ಎಂದರು.

"ಬಿಸಿಯಾ, ತಣ್ಣಗಾ?"

ಸ್ವಲ್ಪ ನಕ್ಕರು. "ಬಿಸಿನೇ. ಒಡೆದು ನೋಡ್ದೆ."

"ಬಿಸಿ ಇದ್ರೆ ಏನ್ ಮಾಡ್ಬೇಕು ರೈಟ್ರೇ?"

"ಆ ಕಡೆ ಜನ ಕಳಿಸ್ಬಾರ್ದು. ಒಬ್ನೇ ಹೋಗ್ಬೇಕು."

ಅವರ ಬಲಗೈ ಹಾಸಿಗೆಯ ಮೇಲಿತ್ತು. ಅದರ ಹಿಂಬದಿಗೆ ನನ್ನ ಕೈ ಇಟ್ಟು, ಬಸ್ಸಿನ ಹೊತ್ತಾಗುವವರೆಗೆ ಕೂತಿದ್ದೆ. ಒಂಬತ್ತು ದಿನದ ಮೇಲೆ ಹೋದರು.

ಈಗ ಮತ್ತೆ ಅರೇಬಿಕಾ ಕೊಯ್ಲು. ಬೆಳಗ್ಗೆ ನಾನು ಮುಂದೆ ನಡೆಯುತ್ತೇನೆ. ಜನರ ಕಡೆ ಮುಖ ಮಾಡಿ ಕೂತು, ಕೋಲಿನಿಂದ ಒಡೆದು, ಒಳಗೆ ಬೆರಳು ಹಾಕಿ ನೋಡುತ್ತೇನೆ. "ತಣ್ಣಗೈತೆ" ಎಂದು ಹೇಳಿ, ಏಳದೆ ಸ್ವಲ್ಪ ಹೊತ್ತು ಕಾಯುತ್ತೇನೆ. ಒಡೆದು ನೋಡಿದ್ಯಾ ಎಂದು ಯಾರೂ ಕೇಳುವುದಿಲ್ಲ.