ಎಂಜಲು ತಾಗದ ಹರಳು

ಗಜೇಂದ್ರಗಡದಲ್ಲಿ ಮೈಲಾರಪ್ಪನ ಬೆರಳಿಗಿಂತ ಚುರುಕಾಗಿದ್ದದ್ದು ಒಂದೇ, ಅವನ ನಾಲಿಗೆ. ಇಪ್ಪತ್ತಮೂರು ವರ್ಷದ ಈ ಕೂಲಿ ನೇಕಾರ, ಮಗ್ಗದ ಮೇಲೆ ಎಳೆ ಹರಿದರೆ ಕಣ್ಣು ಮುಚ್ಚಿ ಕೂಡಿಸುತ್ತಿದ್ದ. ಆಮೇಲೆ ಅದನ್ನು ಮೂರು ಓಣಿಗೆ ಹೇಳಿ ಬರುತ್ತಿದ್ದ.

೧೯೫೯ರಲ್ಲಿ ನೇಕಾರರ ಸೊಸೈಟಿಗೆ ಸರಕಾರಿ ಕಾರ್ಖಾನೆಯ ಎಂಜಿನಿಯರ್ ಸಾಹೇಬರೊಬ್ಬರು ಬಂದರು. ರೇಡಿಯೋದ ಸಣ್ಣ ಭಾಗಗಳನ್ನು ಪರದೇಶದಿಂದ ತರಿಸದೆ ಇನ್ನು ಇಲ್ಲೇ ಮಾಡಬೇಕೆಂದು ದಿಲ್ಲಿ ಸರಕಾರ ಠರಾಯಿಸಿತ್ತು. ಅದಕ್ಕೆ ನಯವಾದ ಕೈ ಬೇಕು. ಸಾಹೇಬರು ಇಟ್ಟ ಪರೀಕ್ಷೆಯಲ್ಲಿ ಒಬ್ಬ ನೇಕಾರ ಗೆದ್ದರೂ ಸೊಸೈಟಿಯ ಹಿಂದಿನ ಕೋಣೆಯಲ್ಲೇ ಹತ್ತು ಜನರಿಗೆ ಪಗಾರದ ನೌಕರಿ; ಇಲ್ಲದಿದ್ದರೆ ಸಾಹೇಬರು ಬೇರೆ ಊರಿಗೆ.

ಎಳ್ಳಿನಷ್ಟು ಜರ್ಮೇನಿಯಂ ಹರಳಿನ ಮೇಲೆ ಕೂದಲಿನಂಥ ತಂತಿಯ ತುದಿ ಊರಬೇಕು. ಹರಳು ಕರೆಂಟನ್ನು ಒಂದು ದಿಕ್ಕಿಗೆ ಬಿಟ್ಟು ಇನ್ನೊಂದು ದಿಕ್ಕಿಗೆ ತಡೆದರೆ ಗೆದ್ದಂತೆ.

“ಇಷ್ಟ ಏನ್ರಿ?” ಎಂದ ಮೈಲಾರಪ್ಪ, ಕೊಟ್ಟ ಚಿಮಟವನ್ನು ಬದಿಗಿಟ್ಟು, ಮಗ್ಗದ ರೂಢಿಯಂತೆ ಬೆರಳನ್ನು ನಾಲಿಗೆಗೆ ತಾಗಿಸಿ, ತಂತಿ ಹೊಸೆದು ಊರಿದ. ಸಾಹೇಬರು ಮೀಟರು ಹಚ್ಚಿದರು. ಎರಡು ದಿಕ್ಕಿಗೂ ಮುಳ್ಳು ಓಡಿತು.

“ಹರಳು ಕೆಟ್ಟಿತಪ್ಪಾ. ಉಗುಳಿನ ತೇವ ಇಷ್ಟು ತಾಗಿದರೂ ಸಾಕು, ಅದು ಕೆಡುತ್ತದೆ. ನಾಳೆ ಇನ್ನೊಂದು ಅವಕಾಶ, ಅಷ್ಟೇ.”

ಮನೆಯಲ್ಲಿ ಅವ್ವ ಹುಚ್ಚವ್ವ ಮಗ್ಗದ ಹಾಸಿನ ಎಳೆ ಕೂಡಿಸುತ್ತಲೇ ಎಲ್ಲ ಕೇಳಿದಳು.

“ಎಂಜಲಾ ಮಾಡಿ ಬಂದಿ ಅನ್ನು. ನೈವೇದ್ಯದ ಹೋಳಿಗಿ ನಾ ಹ್ಯಾಂಗ ಮಾಡ್ತೀನಿ, ಕಂಡಿಲ್ಲೇನ? ಜಳಕಾ ಮಾಡಿ, ಒಗದ ಧೋತರ ಉಟ್ಟು, ಬಾಯಿಗಿ ಅರಿವಿ ಕಟ್ಕೊಂಡು ಹೋಗು.”

“ಅದೇನ್ ದೇವರೇನಬೇ? ಹರಳದು!”

“ನಿನ್ನ ಪಗಾರ ಅದರ ಕೈಯಾಗ ಐತಿ. ದೇವರಂತನ ತಿಳಿ.”

ಮರುದಿನ ಬಾಯಿ ಕಟ್ಟಿಕೊಂಡ ಮೈಲಾರಪ್ಪನನ್ನು ನೋಡಿ ಓಣಿಯವರು, “ಕಡೀಕೂ ಒಬ್ಬರು ಇವನ ಬಾಯಿ ಕಟ್ಟಿದರಲ್ಲೋ!” ಎಂದು ನಕ್ಕರು. ಅವನಿಗೆ ತಿರುಗಿ ಬೈಯಲೂ ಬರದಂತಾಗಿತ್ತು. ಬೆರಳು ತಾಗಿಸದೆ, ಚಿಮಟದಿಂದಲೇ ತಂತಿ ಊರಿದ. ಮುಳ್ಳು ಒಂದು ದಿಕ್ಕಿಗೆ ಓಡಿತು. ತಿರುವಿ ಹಚ್ಚಿದರೆ ಮಿಸುಕಲಿಲ್ಲ.

“ಯಾರು ಕಲಿಸಿದರಯ್ಯಾ ಇದನ್ನ?” ಎಂದರು ಸಾಹೇಬರು, ಬಾಯಿಯ ಅರಿವೆ ತೋರಿಸಿ.

“ನಮ್ಮವ್ವ ರೀ.”

“ಹಾಗಾದರೆ ಉಳಿದವರಿಗೂ ಅವರೇ ಕಲಿಸಲಿ. ಅವರಿಗೂ ಪಗಾರ ಉಂಟು, ಕರೆದುಕೊಂಡು ಬಾ.”

ಹುಚ್ಚವ್ವ ಬಂದಳು. ಹೊಸ್ತಿಲ ಹೊರಗೇ ನಿಂತು ಕೋಣೆಯನ್ನೊಮ್ಮೆ, ಸಾಹೇಬರನ್ನೊಮ್ಮೆ ಮೇಲಿನಿಂದ ಕೆಳಗೆ ನೋಡಿದಳು.

“ಕಲಸ್ತೀನ್ರಿ, ಅದಕ್ಕೇನಾತು. ಆದ್ರ ಸಾಹೇಬ್ರ, ಮೊದಲ ನೀವು ಬೂಟು ಹೊರಗ ಬಿಟ್ಟು, ಕಾಲು ತೊಳಕೊಂಡು ಬರ್ರಿ.”

ಸಾಹೇಬರು ತಮ್ಮ ಬೂಟು ನೋಡಿಕೊಂಡರು. ಆಮೇಲೆ ಬಗ್ಗಿ ಲೇಸು ಬಿಚ್ಚತೊಡಗಿದರು.