ಟೇಪಿನಿಂದ ಕಾಕಾ ಅಳಿಸಿಹೋದದ್ದು

ಮೊದಲೇ ಹೇಳಿಬಿಡುತ್ತೇನೆ, ತಪ್ಪು ನನ್ನದು. ಒಬ್ಬ ಹಿರಿಯರ ಇಡೀ ಯೌವನವನ್ನು ನಾನು ಒಂದು ಮಧ್ಯಾಹ್ನ ಬಾಳೆಹಣ್ಣು ತಿನ್ನುತ್ತ ಅಳಿಸಿಹಾಕಿದೆ.

ಜರ್ಮನಿಯ ಇಂಗೋಲ್‌ಸ್ಟಾಟ್‌ನಲ್ಲಿ ನನ್ನ ಕೆಲಸವೆಂದರೆ ಹೊಸ ಕಾರುಗಳಲ್ಲಿ ಎಲ್ಲಿ ಗಡಗಡ, ಎಲ್ಲಿ ಕಿರಕಿರ ಎಂದು ಕಿವಿಯಿಟ್ಟು ಕೇಳಿ, ಅದನ್ನು ಇಲ್ಲವಾಗಿಸುವುದು. ಬಿಡುವಿನಲ್ಲಿ ಜನರ ದನಿ, ನಡಿಗೆಗಳನ್ನು ಅನುಕರಿಸುತ್ತೇನೆ. ನಿನ್ನ ಸ್ವಂತ ದನಿ ಯಾವುದೆಂದು ಕೇಳಿದರೆ ಸ್ವಲ್ಪ ಯೋಚಿಸಬೇಕು. ಈ ಚೇಷ್ಟೆಗೆ ನ್ಯೂರೆಂಬರ್ಗ್‌ನ ಕಾಕಾ ನನ್ನ ಅಚ್ಚುಮೆಚ್ಚಿನ ಸರಕು. ಧಾರವಾಡದವರು, ನಿವೃತ್ತ ವಿಜ್ಞಾನಿ. ಅರವತ್ತರ ದಶಕದಲ್ಲಿ ಆಖೆನ್‌ಗೆ ಓದಲು ಬಂದಾಗ, ಹಾಸ್ಟೆಲಿನ ಮೂವರು ಜರ್ಮನ್ ಹುಡುಗರೊಂದಿಗೆ ಸೇರಿ ಒಂದು ರಾಕ್ ಸಂಗೀತದ ತುಣುಕು ಮಾಡಿ ಟೇಪಿಗೆ ಇಳಿಸಿದ್ದರಂತೆ. ಹಾಡುವವರಿಲ್ಲ, ಬರೀ ವಾದ್ಯ. “ತಾಳ ನಂದು” ಎಂದು ಗಂಟಲು ಸರಿಮಾಡಿಕೊಂಡು ಅವರು ಹೇಳುವ ಬಗೆಯನ್ನು ಅವರೆದುರಿಗೇ ಮಾಡಿ ತೋರಿಸುತ್ತಿದ್ದೆ. ಅವರ ಹೆಂಡತಿ ಕಾಕು ಮಾತ್ರ ಮದುವೆಯಾದಾಗಿನಿಂದ ಇದನ್ನು ನಂಬಿದವರಲ್ಲ. ಭಜನೆಯಲ್ಲೂ ತಾಳ ತಪ್ಪುವ ಗಂಡ ರಾಕ್ ಬ್ಯಾಂಡಿನಲ್ಲಿದ್ದದ್ದು ಹೇಗೆ ಎಂಬುದು ಅವರ ಪ್ರಶ್ನೆ.

ಹೋದ ವರ್ಷ ಅವರ ಮನೆಯ ಕೆಲ್ಲರ್, ಅಂದರೆ ನೆಲಮಾಳಿಗೆ, ಖಾಲಿ ಮಾಡುವಾಗ ಆ ಟೇಪು ಸಿಕ್ಕಿತು. ಕಾಕಾ ಅದನ್ನು ಎರಡೂ ಕೈಯಲ್ಲಿ ಹಿಡಿದು ಕೊಟ್ಟು, ನಿಮ್ಮ ಕಾಕುಗೆ ಒಮ್ಮೆ ಕೇಳಿಸಿದರೆ ಸಾಕು ಎಂದರು. ಕಂಪ್ಯೂಟರಿಗೆ ಇಳಿಸುವಷ್ಟರಲ್ಲಿ ಟೇಪು ಪುಡಿಪುಡಿಯಾಯಿತು. ಧ್ವನಿ ಉಳಿಯಿತಲ್ಲ ಎಂದುಕೊಂಡೆ. ಗಿಟಾರು, ಆರ್ಗನ್ನು, ಡ್ರಮ್ಮು. ಇವುಗಳ ಹಿಂದೆ ಮೊದಲಿನಿಂದ ಕೊನೆಯವರೆಗೂ ಗುರ್ ಎಂಬ ಒಂದು ಸದ್ದು, ಜೊತೆಗೆ ತಗಡಿನ ಗಡಗಡ. ಕೆಲಸದ ಚಟ ನೋಡಿ. ಎರಡನ್ನೂ ನೀಟಾಗಿ ತೆಗೆದು ಹಳೆಯ ಫೈಲಿನ ಮೇಲೆಯೇ ಸೇವ್ ಮಾಡಿದೆ.

ಭಾನುವಾರ ಅವರ ಮನೆಯಲ್ಲಿ ಊಟಕ್ಕೆ ಕೂತಾಗ ಕೇಳಿಸಿದೆ. ಕಾಕಾ ಕಣ್ಣು ಮುಚ್ಚಿ ತಲೆಯಾಡಿಸಲು ಸಿದ್ಧರಾದರು, ಆಡಿಸಲಿಲ್ಲ. ಕಾಕು ರೊಟ್ಟಿ ಮುರಿಯುತ್ತ, ಇದರಾಗ ನೀವೆಲ್ಲಿ ಅದೀರಿ ಎಂದು ಕೇಳಿದರು. ಡ್ರಮ್ಮು? ಅಲ್ಲ. ಗಿಟಾರು? ಅದೂ ಅಲ್ಲ. ನಾನು ಮಾಡಿದ್ದನ್ನು ಒಪ್ಪಿಕೊಂಡೆ. ಕಾಕಾ ಬೈದಿದ್ದರೆ ಚೆನ್ನಾಗಿತ್ತು.

“ತಮ್ಮಾ, ಆ ಗಡಗಡ ಅನ್ನೋದ ನಾನು,” ಎಂದರು.

ಇಷ್ಟು ವರ್ಷ ಯಾರಿಗೂ ಹೇಳದಿದ್ದುದು ಆಗ ಹೊರಬಂತು. ತುಣುಕು ಧ್ವನಿಮುದ್ರಣವಾದದ್ದು ಹಾಸ್ಟೆಲಿನ ಬಟ್ಟೆ ಒಗೆಯುವ ಕೆಲ್ಲರ್‌ನಲ್ಲಿ. ಅವ್ವ ಕಳಿಸಿದ್ದ ತೊಗರಿಬೇಳೆಯ ಡಬ್ಬಿಯನ್ನು ಇವರು ಬಟ್ಟೆ ಹಿಂಡುವ ಮಷೀನಿನ ಮೇಲೆ ಇಟ್ಟರು. ಮಷೀನು ವೇಗ ಹಿಡಿದಂತೆ ಡಬ್ಬಿ ಕುಣಿಯಿತು. ಉಳಿದ ಮೂವರು ಬಾರಿಸುತ್ತ ಅದರ ತಾಳದ ಹಿಂದೆ ಓಡಿದರು. ಕೊನೆಗೆ ಡಬ್ಬಿ ಉರುಳಿ ಬೇಳೆಯೆಲ್ಲ ಚೆಲ್ಲಿತು. ಅಲ್ಲಿಗೆ ತುಣುಕು ಮುಗಿಯಿತು.

ನನ್ನ ಬಳಿ ಉಳಿದದ್ದು ಒಂದೇ ವಿದ್ಯೆ. ಫೈಲನ್ನು ಮತ್ತೆ ಹಚ್ಚಿ, ಬಾಯಲ್ಲೇ ಮಷೀನು ಗುರುಗುಟ್ಟಿಸಿದೆ, ಡಬ್ಬಿ ಕುಣಿಸಿದೆ, ಉರುಳಿಸಿದೆ. ಮೇಜಿನ ಮೇಲೆಲ್ಲ ನನ್ನ ಉಗುಳು. ಕಾಕಾ ಅವರ ಕಣ್ಣು ತುಂಬಿತ್ತು.

“ಕೇಳಿದ್ಯಾ? ಇದ ನಾನು. ಈಗರೆ ನಂಬತೀಯೋ ಇಲ್ಲೋ?”

ಕಾಕು ನಿಧಾನವಾಗಿ ಮೇಜು ಒರೆಸಿದರು.

“ನಂಬಿದೆ ತೊಗೋರಿ. ಬಾರಿಸಿದ್ದು ಮಷೀನು, ನೀವು ಬರೇ ಡಬ್ಬಿ ಇಟ್ಟೀರಿ.”