ಎಡಗೈಯ ಗಂಟು

ತ್ರಾಸಿಯಲ್ಲಿ ಬಸ್ಸಿಗೆ ಕಾಯುತ್ತಿದ್ದೆ. ಸಮುದ್ರದಡಿಯ ಕಸ ತೆಗೆಯಲು ಬಂದ ಸ್ವಯಂಸೇವಕರು, ಮುಳುಗಿ ಎಳೆದು ತಂದ ಹಳೆಯ ಬಲೆಯೊಂದನ್ನು ಕತ್ತರಿಸಲು ಮರಳಲ್ಲಿ ಕುಳಿತಿದ್ದರು. ಹಿರಿಯ ಮೀನುಗಾರರೊಬ್ಬರು ಓಡಿ ಬಂದರು.

"ಹ್ವಾಯ್, ಕೊಯ್ಬೇಡಿ! ಅದ್ ನನ್ ಬಲೆ. ಕಲ್ಲಿಗೆ ಸಿಕ್ಕಿ ಕಳ್ದದ್ದ್. ಅದಿಲ್ದೇ ಬೇರೆಯವ್ರ ದೋಣಿಗ್ ಕೂಲಿಗ್ ಹೋತಿದ್ದೆ."

"ಗುರುತೇನಣ್ಣ?" ಚಾಕು ಹಿಡಿದ ಹುಡುಗಿ ಕೇಳಿದಳು.

"ಗಂಟ್ ಕಾಣಿ. ಎಡಗೈಯಲ್ ಹೀಂಗ್ ಹಾಕುದ್ ಊರಲ್ಲ್ ನಾನೊಬ್ನೇ."

ಅವಳು ಚಾಕು ಕೆಳಗಿಟ್ಟಳು. ಆ ಹಿರಿಯರು ಖುಷಿಯಿಂದ ಬಲೆ ಬಿಡಿಸುತ್ತ ಹೋದರು. ನಡುವೆ ಏಡಿಯೊಂದು ಸಿಕ್ಕಿಕೊಂಡು ಇನ್ನೂ ಕಾಲಾಡಿಸುತ್ತಿತ್ತು. ಎಷ್ಟು ಹೆಣಗಿದರೂ ಅವರಿಗೆ ತಮ್ಮದೇ ಗಂಟು ಬಿಚ್ಚಲಾಗಲಿಲ್ಲ.

"ಚಾಕು ಕೊಡ್ ಮಗಾ" ಎಂದು ಇಸಿದುಕೊಂಡು ಅವರೇ ಕೊಯ್ದರು. ಏಡಿ ನೀರಿನತ್ತ ಓಡಿತು.

"ಸಾರು ಮಾಡಲು ಬೇಡವಾ?" ಎಂದಳು ಹುಡುಗಿ.

"ಯಾವಾಗಿಂದ ಸಿಕ್ಕಂಡಿತ್ತೋ ಪಾಪ, ಹೋಯ್ಲಿ." ಕೊಯ್ದ ತೂತಿನೊಳಗೆ ಬೆರಳು ತೂರಿಸಿ ನೋಡಿದರು. "ಹೆಣಿಯೂಕ್ ಇನ್ನೊಂದ್ ತೂತ್ ಆಯ್ತ್."